ಗೋಡೆಗೆ ಅಂಟಿಸಿದ ಗಾಜು

ಜೂನ್ 15, ಭಾನುವಾರ

ಫೋನಿಗೆ ಮಾತಾಡಿ ಇಡುವ ಈ ಅಭ್ಯಾಸ ಶುರುವಾದದ್ದು ನಲ್ಲಿಗಳಿಂದ. ಯಾವ ಮನೆಯ ನಲ್ಲಿ ಸೋರುತ್ತಿದೆ, ಯಾವ ಬಾತ್‌ರೂಮಿನ ಚಿಲಕ ಕೂರುತ್ತಿಲ್ಲ, ಪ್ಲಂಬರ್ ಬರುತ್ತೇನೆಂದು ಎಷ್ಟು ಸಲ ಬರಲಿಲ್ಲ, ಎಲ್ಲ ಚೀಟಿಯಲ್ಲಿ ಬರೆದರೆ ಚೀಟಿ ಪ್ಯಾಂಟಿನ ಜೊತೆ ಒಗೆದುಹೋಗುತ್ತದೆ. ಹೇಳಿಟ್ಟರೆ ಉಳಿಯುತ್ತದೆ. ಆಮೇಲೆ ನಲ್ಲಿಯ ಹಿಂದೆಯೇ ಬೇರೆ ಮಾತುಗಳೂ ಬರತೊಡಗಿದವು. ಮನುಷ್ಯರೆಲ್ಲ ತಪ್ಪಿಸಿಕೊಂಡು ಓಡಿದ ಮೇಲೆ ಈಗ ಫೋನ್ ಸಿಕ್ಕಿದೆ ನಿಮಗೆ ಎನ್ನುತ್ತಾಳೆ ನನ್ನ ಹೆಂಡತಿ ಶಿಲ್ಪಾ. ಇರಲಿ. ಇದನ್ನು ಕೇಳುವವನು ನಾನೊಬ್ಬನೇ.

ಇವತ್ತಿನ ವಿಷಯ ನಲ್ಲಿಯದಲ್ಲ.

ಶಿರಾ ಗೇಟ್ ಹಿಂದಿನ ಬಾಡಿಗೆ ಮನೆಗೆ ಹೋಗಿದ್ದೆ. ಕೆಳಗೊಂದು ಮನೆ, ಮೇಲೊಂದು ಮನೆ, ತಾರಸಿಯಲ್ಲಿ ಒಂದು ರೂಮು. ಸಂಪಿನ ಮುಚ್ಚಳ ಸರಿಮಾಡಿಸಲು ಹಿತ್ತಲಿಗೆ ಹೋದವನಿಗೆ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಬಿರುಕು ಕಂಡಿತು. ನೆಲದ ಹತ್ತಿರ ಶುರುವಾಗಿ ಓರೆಯಾಗಿ ಕಿಟಕಿಯ ಮೂಲೆಯವರೆಗೆ ಹತ್ತಿದೆ. ಯುಗಾದಿಗೆ ಸುಣ್ಣ ಬಳಿಸಿದಾಗ ಇರಲಿಲ್ಲ. ಉಗುರು ಹೋಯಿತು. ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು ತೂರಿಸಿದೆ. ಅದೂ ಹೋಯಿತು.

ಇಪ್ಪತ್ತೆರಡು ವರ್ಷ ಪಂಪ್‌ಸೆಟ್ ಮಾರಿಕೊಂಡು ಊರೂರು ತಿರುಗಿದವನು ನಾನು. ಮೊದಲು ಗುಬ್ಬಿಯಲ್ಲಿ ಅಂಗಡಿ ಕೊಂಡೆ, ಆಮೇಲೆ ಕುಣಿಗಲ್‌ನಲ್ಲಿ ಮನೆ, ಎರಡು ವರ್ಷದ ಹಿಂದೆ ಇದು. ಇದು ಹಳೇ ಕಟ್ಟಡ. ಸೈಜುಗಲ್ಲು, ಮಧ್ಯೆ ಮಣ್ಣು. ಪಿಲ್ಲರ್ ಅನ್ನುವುದೇ ಇಲ್ಲ. ತಾರಸಿಯ ರೂಮು, ಅದರ ಮೇಲಿನ ದೊಡ್ಡ ನೀರಿನ ಟ್ಯಾಂಕು, ಎರಡನ್ನೂ ಹೋದ ಡಿಸೆಂಬರಿನಲ್ಲಿ ನಾನೇ ಕಟ್ಟಿಸಿದ್ದು. ಮೇಸ್ತ್ರಿ ತಿಮ್ಮರಾಜು ಆಗ ಕೆಳಗಿನ ಗೋಡೆ ತಟ್ಟಿ ನೋಡಿ, "ಭಾರ ಜಾಸ್ತಿ ಆಯ್ತದೆ ಕಣಣ್ಣ" ಅಂದಿದ್ದ. ನಾನು, "ಕಟ್ಟೋ ಮಾರಾಯ, ನಾನಿದೀನಿ" ಅಂದಿದ್ದೆ.

ಆ ಮಾತು ಇವತ್ತು ಬೈಕಿನಲ್ಲಿ ಬರುವಾಗ ದಾರಿಯುದ್ದಕ್ಕೂ ಕೇಳಿಸುತ್ತಿತ್ತು.

ಜೂನ್ 17, ಮಂಗಳವಾರ

ಎಂಜಿನಿಯರ್ ಸೋಮಶೇಖರ್‌ನನ್ನು ಕರೆದುಕೊಂಡು ಹೋದೆ. ಚಿಕ್ಕ ವಯಸ್ಸು, ಮಾತು ಕಡಿಮೆ. ಮಾತು ಕಡಿಮೆ ಇರುವವರನ್ನು ಕಂಡರೆ ನನಗೆ ಮೊದಲಿಂದ ಭಯ. ಸಂಪಿಗೆ ಕೋಲು ಇಳಿಸಿ ನೋಡಿದ, ಗೋಡೆಯ ಬುಡದ ಮಣ್ಣು ಬೆರಳಲ್ಲಿ ಹಿಸುಕಿ ನೋಡಿದ, ತಾರಸಿಗೆ ಹೋಗಿ ಬಂದ. ಸಂಪು ಒಳಗೊಳಗೇ ಸೋರುತ್ತಿದೆಯಂತೆ. ಆ ನೀರು ತಳಪಾಯದ ಕೆಳಗೆ ಇಳಿದು ಮಣ್ಣು ಮೆತ್ತಗಾಗಿದೆ. ಮೇಲಿಂದ ನನ್ನ ರೂಮು, ನನ್ನ ಟ್ಯಾಂಕು. ಮೊದಲು ಸಂಪು, ಟ್ಯಾಂಕು ಖಾಲಿ ಮಾಡಿ, ಆಮೇಲೆ ಮನೆಗಳನ್ನು ಖಾಲಿ ಮಾಡಿಸಿ ಎಂದ.

ಎಷ್ಟು ದಿನ ಟೈಮಿದೆ ಅಂತ ಕೇಳಿದೆ.

"ಅದು ನನ್ನ ಕೇಳಿ ಬೀಳಲ್ಲ ಸರ್."

ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದ. ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು ಎರಡೂ ತುದಿ ಸಿಮೆಂಟಿನಲ್ಲಿ ಕೂರಿಸಬೇಕಂತೆ. ಗೋಡೆ ಸುಮ್ಮನಿದ್ದರೆ ಗಾಜು ಸುಮ್ಮನಿರುತ್ತದೆ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಒಡೆದರೆ ಅವತ್ತೇ ಜನರನ್ನು ಹೊರಗೆ ಕಳಿಸಿ ಅಂದ.

ನಾನು ಹಿಡಿದುಕೊಂಡಿದ್ದು ಗಾಜಿನ ಮಾತನ್ನು ಮಾತ್ರ. ಖಾಲಿ ಮಾಡಿಸಿ ಅಂದಿದ್ದನ್ನು ಬಿಟ್ಟೆ. ಇನ್ನೊಂದು ವಾರಕ್ಕೆ ಆಷಾಢ. ಆಷಾಢದಲ್ಲಿ ಖಾಲಿಯಾದ ಮನೆಗೆ ಶ್ರಾವಣದವರೆಗೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಕುಣಿಗಲ್ ಮನೆ ಆಗಲೇ ಖಾಲಿ ಬಿದ್ದಿದೆ. ತಾರಸಿ ರೂಮಿನ 'ಬಾಡಿಗೆಗಿದೆ' ಬೋರ್ಡು ಆರು ತಿಂಗಳಿಂದ ಬಿಸಿಲು ಕಾಯಿಸುತ್ತಿದೆ. ಬಿರುಕಿಗಿಂತ ಖಾಲಿ ಮನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಅದನ್ನು ಇಲ್ಲಿಯಾದರೂ ಒಪ್ಪಿಕೊಳ್ಳುತ್ತೇನೆ.

ಜೂನ್ 18, ಬುಧವಾರ

ಗುಬ್ಬಿಯ ನನ್ನ ಅಂಗಡಿಯಲ್ಲಿ ಬಾಡಿಗೆಗಿರುವ ನೂರ್ ಅಹಮದ್ ಗಾಜು ಕತ್ತರಿಸುವವನು. ಕಿಟಕಿ ಗಾಜು, ಫೋಟೋಗೆ ಕಟ್ಟು, ಕನ್ನಡಿ. ಅವನ ಹತ್ತಿರ ಗೇಣುದ್ದದ ಐದು ಪಟ್ಟಿ ಕತ್ತರಿಸಿಕೊಂಡೆ. ಯಾಕೆ ಅಂದ. ಫೋಟೋಗೆ ಅಂದೆ. ಇಷ್ಟು ಸಣ್ಣ ಫೋಟೋ ಯಾರದಣ್ಣ ಅಂತ ನಕ್ಕ.

ಮಧ್ಯಾಹ್ನ ನಾನೇ ಕೂತು ಅಂಟಿಸಿದೆ. ಕೆಳಮನೆಯವರು ಹೊಲಿಗೆ ಮೆಷಿನ್ ನಿಲ್ಲಿಸಿ ಹಿತ್ತಲ ಬಾಗಿಲಿಗೆ ಬಂದು ನೋಡಿದರು. ಅಗ್ರಿಮೆಂಟಿನಲ್ಲಿ ಮಸ್ತಾನ್ ಬೀ ಅಂತ ಹೆಸರು. ವಯಸ್ಸಾದವರು, ಒಬ್ಬರೇ ಇರುವುದು. ಏನಣ್ಣ ಅದು ಅಂತ ಕೇಳಿದರು. ಬಾಯಿಗೆ ಬಂದದ್ದು ಹೇಳಿದೆ. ವಾಸ್ತು, ಯಾರೋ ಹೇಳಿದರು, ಈ ಮೂಲೆಗೆ ಗಾಜು ಇಟ್ಟರೆ ಮನೆಯಲ್ಲಿರುವವರಿಗೆ ಒಳ್ಳೆಯದಂತೆ ಎಂದೆ.

ಅವರು ಗಾಜನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಆಮೇಲೆ ಒಳಗೆ ಹೋದರು.

ಜೂನ್ 23, ಸೋಮವಾರ

ಬೆಳಿಗ್ಗೆ ಮೇಲ್ಮನೆಯವರು ನಮ್ಮ ಮನೆಗೇ ಬಂದರು. ಕದರಮ್ಮ. ಶಿರಾ ಗೇಟಿನಲ್ಲಿ ಹೂ ಮಾರುತ್ತಾರೆ. ಬಂದವರು ಶಿಲ್ಪಾಗೆ ಎರಡು ಮೊಳ ಕನಕಾಂಬರ ಕೊಟ್ಟು, ಬಾಗಿಲಲ್ಲೇ ನಿಂತು ಮನೆ ಬಿಡುತ್ತೇನೆ ಅಂದರು. ಮಗಳು ತನುಶ್ರೀ ಚೊಚ್ಚಲ ಬಸುರಿ, ನಾಡಿದ್ದು ಬಾಣಂತನಕ್ಕೆ ಬರುತ್ತಾಳಂತೆ. ಗಂಡನ ಮನೆ ಕಡಬದಲ್ಲಿ, ಅಲ್ಲಿಂದ ಆಸ್ಪತ್ರೆ ದೂರ. ಇಲ್ಲಿ ಮೆಟ್ಟಿಲು ಕಡಿದು, ತುಂಬಿದ ಬಸುರಿಗೆ ಹತ್ತಿ ಇಳಿಯಲು ಆಗುವುದಿಲ್ಲ. ನಮ್ಮ ಬಡಾವಣೆ ಸದಾಶಿವನಗರದಲ್ಲೇ ನೆಲಮಟ್ಟದ ಮನೆ ನೋಡಿದ್ದಾರೆ. ಬುಧವಾರದೊಳಗೆ ಹೋಗಿಬಿಡುತ್ತೇವೆ ಎಂದರು.

ನಾನು ಬಾಗಿಲು ತೆರೆದು ಕೊಡಬೇಕಾಗಿತ್ತು. ಒಳ್ಳೆಯದಾಗಲಿ, ಇವತ್ತೇ ಹೋಗಿ ಅನ್ನಬೇಕಾಗಿತ್ತು. ದೇವರೇ ಬಂದು ಅವಕಾಶ ಕೊಟ್ಟ ಹಾಗಿತ್ತು.

"ಗುರುವಾರ ಆಷಾಢ ಹುಟ್ತದೆ ಕದರಮ್ಮ. ಅರ್ಧ ಸಾಮಾನು ಇಲ್ಲಿ ಅರ್ಧ ಅಲ್ಲಿ ಅಂತ ಆಗ್ಬುಟ್ರೆ? ತುಂಬಿದ ಬಸುರೀನ ಇಟ್ಕೊಂಡು ಒಲೆ ಎತ್ತಬೇಡಿ."

ಅವರ ಮುಖ ಚಿಕ್ಕದಾಯಿತು. ಹೌದಲ್ವಾ ಸ್ವಾಮಿ, ನಂಗೆ ಹೊಳೀಲೇ ಇಲ್ಲ ಅಂದರು. ಹೇಳೋರು ಇಲ್ಲದ ಮನೆ ನಮ್ಮದು, ನೀವು ಹಿರೀಕರ ಥರ ಹೇಳಿದ್ರಿ ಅಂದರು. ಹೋಗುವಾಗ ಕೈ ಮುಗಿದರು.

ಶಿಲ್ಪಾ ಹೂ ಮುಡಿದುಕೊಂಡು ಬಂದು, ಒಳ್ಳೇ ಕೆಲಸ ಮಾಡಿದ್ರಿ ಅಂದಳು. ಅವಳಿಗೆ ಬಿರುಕಿನ ವಿಷಯ ಹೇಳಿಲ್ಲ.

ಜೂನ್ 29, ಭಾನುವಾರ

ಗಾಜು ನೋಡಲು ದಿನಾ ಹೋಗುತ್ತಿದ್ದೇನೆ. ಬಾಡಿಗೆದಾರರಿಗೆ ಅನುಮಾನ ಬಾರದಿರಲಿ ಎಂದು ಒಂದು ದಿನ ಮೀಟರ್ ನೋಡುವ ನೆಪ, ಒಂದು ದಿನ ತೆಂಗಿನ ಗಿಡಕ್ಕೆ ಗೊಬ್ಬರದ ನೆಪ. ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸುತ್ತಿದ್ದೇನೆ. ಪೂರ್ತಿ ಖಾಲಿ ಮಾಡಿದರೆ ನೀರಿಲ್ಲ ಅಂತ ಎದ್ದುಹೋಗುತ್ತಾರೆ.

ಇವತ್ತು ಹೋದರೆ ಗಾಜಿಗೆ ಅರಿಶಿನ ಕುಂಕುಮ. ಮೇಲಿನ ತುದಿಗೆ ಒಂದು ಸೇವಂತಿಗೆ ಸಿಕ್ಕಿಸಿದ್ದಾರೆ. ಮೇಲಿಂದ ಕದರಮ್ಮ ಇಳಿದು ಬಂದು, ವಾಸ್ತುವಿಂದು ಅಂತ ಮಸ್ತಾನ್ ಬೀ ಹೇಳಿದ್ರು, ನಮ್ ಹುಡ್ಗಿ ಒಳಗಿದಾಳಲ್ಲ ಅದಕ್ಕೆ ದಿನಾ ಒಂದು ಹೂ ಇಡ್ತೀನಿ ಎಂದರು. ಅವರ ಹಿಂದೆ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿಕೊಂಡು ಆ ಹುಡುಗಿ ಇಳಿಯುತ್ತಿದ್ದಳು. ತನುಶ್ರೀ. ಇಳಿಯುವಾಗ ಎಡಗೈ ಹೊಟ್ಟೆಯ ಮೇಲೆ, ಬಲಗೈ ಗೋಡೆಯ ಮೇಲೆ.

ಅದೇ ಗೋಡೆಯ ಮೇಲೆ.

ಗೋಡೆ ಹಿಡೀಬೇಡಮ್ಮ ಅಂದುಬಿಟ್ಟೆ. ಯಾಕಣ್ಣ ಅಂದಳು. ಸುಣ್ಣ ಅಂಟುತ್ತೆ ಅಂದೆ.

ಜುಲೈ 3, ಗುರುವಾರ

ಗಾಜು ಒಡೆದಿದೆ. ಸರಿಯಾಗಿ ನಡುವೆ.

ಯಾರೂ ನೋಡಿಲ್ಲ. ಬೆಳಿಗ್ಗೆ ಏಳಕ್ಕೇ ಹೋಗಿದ್ದೆ. ಒಡೆದದ್ದನ್ನು ಕೆರೆದು ತೆಗೆದು ಹೊಸದು ಅಂಟಿಸಿದೆ. ಹಳೇ ಸೇವಂತಿಗೆಯನ್ನೇ ತಿರುಗಿ ಸಿಕ್ಕಿಸಿದೆ. ಗಾಜಿನ ಚೂರು ಜೇಬಿನಲ್ಲಿತ್ತು. ಎಸೆಯಲು ಎಲ್ಲೂ ಕೈ ಬರಲಿಲ್ಲ. ಈಗ ಬೈಕಿನ ಡಬ್ಬಿಯಲ್ಲಿದೆ.

ಚಳಿಗೆ ಒಡೆದಿರಬಹುದು. ಗಾಜೇ ಕಚ್ಚಾ ಇರಬಹುದು.

ಸೋಮಶೇಖರ್ ಫೋನ್ ಮಾಡಿದ್ದ. ಎತ್ತಲಿಲ್ಲ.

ಜುಲೈ 5, ಶನಿವಾರ

ಕುಣಿಗಲ್‌ನಲ್ಲಿದ್ದೇನೆ. ಇಲ್ಲಿಯ ಖಾಲಿ ಮನೆ ನೋಡಲು ಬಂದೆ ಅಂತ ಶಿಲ್ಪಾಗೆ ಹೇಳಿದ್ದು. ನಿಜಕ್ಕೂ ಶಿರಾ ಗೇಟಿನಿಂದ ಒಂದು ದಿನವಾದರೂ ದೂರ ಇರೋಣ ಅಂತ ಬಂದದ್ದು. ದೂರ ಬಂದರೆ ಇನ್ನೂ ಭಯ. ಬೈಕ್ ಓಡಿಸುವಾಗ ಮೂರು ಸಲ ಫೋನ್ ಬಡಿದುಕೊಂಡಿತು. ಮೂರು ಸಲವೂ ಅದೇ ಸುದ್ದಿ ಎಂದು ಗಾಡಿ ಬದಿಗೆ ಹಾಕಿದೆ. ಒಂದು ಸಲ ಕ್ರೆಡಿಟ್ ಕಾರ್ಡಿನವರು. ಎರಡು ಸಲ ಫೋನ್ ಬಂದೇ ಇರಲಿಲ್ಲ.

ಈಗ ಖಾಲಿ ಮನೆಯ ನಡುಮನೆಯಲ್ಲಿ ನೆಲದ ಮೇಲೆ ಕೂತಿದ್ದೇನೆ. ಬೆಳಕು ಬರುತ್ತದೆ. ಗೋಡೆಗಳು ನೆಟ್ಟಗಿವೆ. ನಾಲ್ಕು ತಿಂಗಳಿಂದ ಖಾಲಿ, ಆದರೂ ಮನೆಗೆ ಏನೂ ಆಗಿಲ್ಲ, ನನಗೂ ಏನೂ ಆಗಿಲ್ಲ. ಒಂದು ಹಲ್ಲಿ, ಸ್ವಲ್ಪ ಧೂಳು. ಇದಕ್ಕಾ ನಾನು ಅಷ್ಟು ಹೆದರಿದ್ದು?

ಮಾತಾಡಿದರೆ ದನಿ ತಿರುಗಿ ಬರುತ್ತದೆ ಇಲ್ಲಿ. ಸಾಕು.

ಜುಲೈ 8, ಮಂಗಳವಾರ

ಇವತ್ತು ಬೆಳಿಗ್ಗೆ ನೋಡಿದರೆ ಎರಡನೇ ಗಾಜೂ ಒಡೆದಿತ್ತು. ಹೊಸದು ಅಂಟಿಸಿ ಗುಬ್ಬಿಗೆ ಹೋದೆ. ಉಳಿದ ಎರಡು ಪಟ್ಟಿಯಲ್ಲಿ ಮುಗಿಯುವಂತೆ ಕಾಣಲಿಲ್ಲ, ಒಡೆದುಹೋದವು, ಇನ್ನೂ ಹತ್ತು ಕೊಡಪ್ಪ ಅಂದೆ.

ನೂರ್ ಅಹಮದ್ ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದವನು ಕೈ ನಿಲ್ಲಿಸಿದ.

"ಅಣ್ಣ, ಫೋಟೋಗೆ ಹಾಕಿದ ಗಾಜು ಹಿಂಗೆ ಒಡೆಯಲ್ಲ. ನಮ್ಮಪ್ಪ ಮಸೀದಿ ಗೋಡೆಗೆ ಅಂಟ್ಸಿದ್ದು ನಾನು ನೋಡಿದೀನಿ. ಯಾವ ಗೋಡೆ?"

ಶಿರಾ ಗೇಟ್ ಮನೇದು ಅಂದೆ.

"ಒಳಗೆ ಯಾರಿದಾರೆ?"

ನಾನು ಹೇಳಿದೆ. ಒಬ್ಬರು ಮಸ್ತಾನ್ ಬೀ, ರವಿಕೆ ಹೊಲಿಯುತ್ತಾರೆ, ಬೆಳಗಿಂದ ಸಂಜೆವರೆಗೆ ಆ ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಾರೆ. ಮೇಲೆ ಕದರಮ್ಮ, ಮಗಳು ತನುಶ್ರೀ. ತನುಶ್ರೀಗೆ ಒಂಬತ್ತು ತುಂಬುತ್ತಾ ಬಂದಿದೆ, ಬೆಳಿಗ್ಗೆ ಹತ್ತು ಗಂಟೆಗೆ ಮೆಟ್ಟಿಲ ಮೇಲೆ ಕೂತು ಬಿಸಿಲಿಗೆ ತಲೆ ಆರಿಸಿಕೊಳ್ಳುತ್ತಾಳೆ. ಇಷ್ಟೆಲ್ಲ ನನಗೆ ಯಾವಾಗ ಗೊತ್ತಾಯಿತೋ.

ಅವನು ಗಾಜು ಕತ್ತರಿಸಲಿಲ್ಲ. ಗಾಜು ಕೊಯ್ಯುವ ಡೈಮಂಡನ್ನು ಡಬ್ಬಿಗೆ ಹಾಕಿ ಮುಚ್ಚಿದ. ಎಷ್ಟು ಪಟ್ಟಿ ಬೇಕಾದರೂ ಕೊಡಬಹುದು, ಆದರೆ ಇವತ್ತು ಕೊಡುವುದಿಲ್ಲ ಎಂದ. ಬಾಡಿಗೆಗಿರುವವನು ಓನರಿಗೆ ಇಲ್ಲ ಅಂದದ್ದು ನನ್ನ ಅನುಭವದಲ್ಲಿ ಇದೇ ಮೊದಲು. ಸಿಟ್ಟು ಬರಲಿಲ್ಲ. ಯಾಕೆ ಬರಲಿಲ್ಲವೋ.

ಜುಲೈ 9, ಬುಧವಾರ

ಇವತ್ತಿನದು ಉದ್ದ ಆಗುತ್ತದೆ.

ಒಂದೇ ದಿನಕ್ಕೆ ಮೂರನೆಯದೂ ಒಡೆದಿತ್ತು. ಈ ಸಲ ನಾನು ಹೋಗುವ ಮೊದಲೇ ಕದರಮ್ಮ ನೋಡಿದ್ದರು. ಮೆಟ್ಟಿಲ ಮೇಲೆ ಕೂತು ಹೂ ಕಟ್ಟುತ್ತಿದ್ದರು. ನಾನು ಹಿತ್ತಲಿಗೆ ಕಾಲಿಟ್ಟ ಕೂಡಲೇ ನಕ್ಕರು.

"ಒಡೀತು ಸ್ವಾಮಿ ನಿಮ್ ಗಾಜು. ಒಳ್ಳೇದೇ ಆಯ್ತು ಬುಡಿ. ಮಗೀನ ಮೇಲಿದ್ದ ಕಣ್ಣೆಲ್ಲ ಅದುಕ್ಕೆ ಹೋಯ್ತು."

ಅಷ್ಟು ನೆಮ್ಮದಿಯ ಮುಖವನ್ನು ನಾನು ಇತ್ತೀಚೆಗೆ ನೋಡಿಯೇ ಇಲ್ಲ. ಸುಮ್ಮನೆ ನಕ್ಕು ಬಂದುಬಿಡಬಹುದಾಗಿತ್ತು. ಮಾತಿನವನು ನಾನು, ಒಂದು ಮಾತಿಗೆ ಅಷ್ಟು ಹೊತ್ತು ಹಿಡಿಯಿತು.

"ಅದು ವಾಸ್ತುವಿಂದಲ್ಲ ಕದರಮ್ಮ. ಗೋಡೆ ಜರುಗ್ತಾ ಇದೆಯಾ ಅಂತ ನೋಡಕ್ಕೆ ಅಂಟ್ಸಿದ್ದು. ಒಡೀತು ಅಂದ್ರೆ ಜರುಗ್ತಾ ಇದೆ ಅಂತ. ಇದು ಮೂರನೇದು."

ಕೈಯಲ್ಲಿದ್ದ ಹೂವನ್ನು ಕಟ್ಟಿ ಮುಗಿಸಿದರು. ದಾರ ಹರಿದರು.

"ಯಾವಾಗಿಂದ ಗೊತ್ತು ನಿಮ್ಗೆ?"

"ನೀವು ಮನೆ ಬಿಡ್ತೀನಿ ಅಂತ ಬಂದ್ರಲ್ಲ, ಅದಕ್ಕೂ ಮುಂಚೆ."

"ಅವತ್ತು ಆಷಾಢ ಅಂದ್ರಿ."

ಅಷ್ಟೇ. ಬೈದಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.

ಇವತ್ತೇ ಮನೆಯಿಂದ ಹೊರಡಿ ಅಂದೆ. ಅವರು ಏಳಲಿಲ್ಲ. ಅವತ್ತು ಹೋಗಬೇಡಿ ಅಂದಿರಿ, ಇವತ್ತು ಹೋಗಿ ಅನ್ನುತ್ತೀರಿ, ಜಾಸ್ತಿ ಬಾಡಿಗೆಯವರು ಯಾರೋ ಸಿಕ್ಕಿರಬೇಕು ಅಂದರು. ನಿಮ್ಮ ಯಾವ ಮಾತು ನಿಜ ಅಂತ ನಾನು ಹೇಗೆ ತಿಳಿಯಲಿ ಅಂದರು. ತಪ್ಪಿಲ್ಲ. ನಾನೇ ಆಗಿದ್ದರೂ ಹಾಗೇ ಅನ್ನುತ್ತಿದ್ದೆ. ಮೇಲೆ ತನುಶ್ರೀ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದಳು. ನನ್ನ ಕಣ್ಣು ಕಿಟಕಿಯ ಮೂಲೆಗೆ ಹೋಗುತ್ತಿತ್ತು.

ಆಗ ಮಸ್ತಾನ್ ಬೀ ಒಳಗಿಂದ ಬಂದರು. ಕೈಯಲ್ಲಿ ದಾರದ ರೀಲು. ನಮ್ಮಿಬ್ಬರನ್ನೂ ಒಳಗೆ ಕರೆದು, ಮೆಷಿನ್ನಿನ ಪಕ್ಕ ನೆಲದ ಮೇಲೆ ರೀಲನ್ನು ಮೆಲ್ಲಗೆ ಬಿಟ್ಟರು. ಅದು ಒಂದು ಕ್ಷಣ ನಿಂತು, ಆಮೇಲೆ ತಾನೇ ಉರುಳಿತು. ಉರುಳಿ ಉರುಳಿ ಹೋಗಿ ಆ ಗೋಡೆಗೆ ತಾಗಿ ನಿಂತಿತು.

"ಒಂದು ತಿಂಗಳಿಂದ ಏನ್ ಬಿದ್ರೂ ಅಲ್ಲಿಗೇ ಓಡ್ತದೆ ಅಮ್ಮಾ. ಮೊದಲು ಹಂಗಿರ್ಲಿಲ್ಲ. ವಯಸ್ಸಾಯ್ತು ನಂಗೆ, ತಲೆ ತಿರುಗ್ತದೆ ಅಂದ್ಕೊಂಡು ಸುಮ್ನಿದ್ದೆ."

ಕದರಮ್ಮ ರೀಲನ್ನು ಎತ್ತಿಕೊಂಡು ಬಂದು ತಾವೇ ಇನ್ನೊಂದು ಸಲ ಬಿಟ್ಟರು. ಅದು ಮತ್ತೆ ಹೋಯಿತು. ಅವರ ಮುಖದಲ್ಲಿ ಬಂದದ್ದು ನನಗೆ ಗುರುತಿತ್ತು. ಮೂರು ವಾರದಿಂದ ಕನ್ನಡಿಯಲ್ಲಿ ನೋಡುತ್ತಿದ್ದೇನಲ್ಲ.

ಆದರೂ ಆಷಾಢ. ಸದಾಶಿವನಗರದ ಆ ಮನೆಯವರು, ಈ ತಿಂಗಳು ಯಾರು ಬರುತ್ತಾರೆ ಎಂದು ನೆಲ ಕೀಳಿಸಿ ಹೊಸದು ಹಾಕಿಸುತ್ತಿದ್ದಾರೆ. ಒಲೆ ಎತ್ತಿಕೊಂಡು ಬಸುರಿಯನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕದರಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. ಅದಕ್ಕೂ ಮಸ್ತಾನ್ ಬೀ ಹತ್ತಿರವೇ ಉತ್ತರ ಇತ್ತು.

"ಒಲೆ ಯಾಕೆ ಎತ್ತಬೇಕು? ಒಲೆ ಇಲ್ಲೇ ಇರ್ಲಿ. ನಮ್ಮಲ್ಲೂ ಮೊಹರಂ, ನಾನೂ ಮನೆ ಬದಲಾಯ್ಸಲ್ಲ. ಕುಣಿಗಲ್‌ಗೆ ಮಗಳು ನಿಶಾತ್ ಮನೆಗೆ ಹೋಗ್ತೀನಿ, ಅಷ್ಟೇ. ನೆಂಟರ ಮನೆಗೆ ಹೋಗಕ್ಕೆ ಯಾವ ತಿಂಗಳು ಅಡ್ಡ?"

ಕದರಮ್ಮ ತಮಗೆ ಈ ಊರಿನಲ್ಲಿ ನೆಂಟರು ಯಾರು ಅಂದರು. ಇಬ್ಬರೂ ನನ್ನ ಕಡೆ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

"ನಮ್ಮನೆಗೆ ಬನ್ನಿ," ಅಂದೆ.

ಜುಲೈ 10, ಗುರುವಾರ

ಬಂದರು. ಬಟ್ಟೆಯ ಎರಡು ಚೀಲ, ಆಸ್ಪತ್ರೆಯ ಫೈಲು, ಹೂ ಕಟ್ಟುವ ದಾರ. ಪಾತ್ರೆ, ಒಲೆ, ಅಕ್ಕಿ ಡಬ್ಬ ಎಲ್ಲ ಅಲ್ಲೇ. ಮನೆ ಬಿಟ್ಟಿಲ್ಲ, ನೆಂಟರ ಮನೆಗೆ ಬಂದಿದ್ದೇವೆ. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕಿಕೊಟ್ಟೆವು.

ರಾತ್ರಿಯೇ ಶಿಲ್ಪಾಗೆ ಎಲ್ಲ ಹೇಳಿದ್ದೆ. ಅವಳು ಅತ್ತಳು, ಆಮೇಲೆ ಮುಡಿಯಲ್ಲಿದ್ದ ಹೂ ತೆಗೆದಿಟ್ಟಳು. "ಒಳ್ಳೇ ಕೆಲಸ ಮಾಡಿದ್ರಿ ಅಂತ ನನ್ನ ಬಾಯಲ್ಲಿ ಅನ್ನಿಸಿದ್ರಲ್ರೀ," ಅಂದವಳು ಇವತ್ತು ಇಡೀ ದಿನ ನನ್ನ ಜೊತೆ ಮಾತಾಡಿಲ್ಲ. ಅವರಿಗೆ ಮಾತ್ರ ಬಿಸಿನೀರು ಕಾಯಿಸಿ ಕೊಡುತ್ತಿದ್ದಾಳೆ.

ಸೋಮಶೇಖರ್‌ಗೆ ನಾನೇ ಫೋನ್ ಮಾಡಿದೆ. ಟ್ಯಾಂಕು, ಸಂಪು ಪೂರ್ತಿ ಖಾಲಿ ಮಾಡಿಸಿದ. ನಾಳೆಯಿಂದ ತಾರಸಿಗೆ ಆಸರೆ ಕೊಡಲು ಜಾಕಿ ಹುಡುಕುತ್ತೇನೆ, ಅಲ್ಲಿಯವರೆಗೆ ಯಾರೂ ಒಳಗೆ ಹೋಗಬಾರದು ಎಂದ.

ಸಂಜೆ ಕದರಮ್ಮ ಚಪ್ಪಲಿ ಹಾಕಿಕೊಂಡು ಹೊರಟರು. ದೀಪ ಹಚ್ಚಿ ಬರುತ್ತಾರಂತೆ. ಒಲೆ ಇರುವ ಮನೆ ಕತ್ತಲೆ ಬೀಳಬಾರದು, ಅದೂ ಹೆರಿಗೆ ಹತ್ತಿರ ಇರುವಾಗ. ಬೇಡ ಅಂದೆ, ಕೈ ಮುಗಿದೆ, ಕೇಳಲಿಲ್ಲ. ನಿಮ್ಮ ಮಾತು ಕೇಳಿಯೇ ಇಲ್ಲಿವರೆಗೆ ಬಂದದ್ದು ಎಂದರು.

ಕೊನೆಗೆ ನಾನು ಹಚ್ಚಿ ಬರುತ್ತೇನೆ ಅಂದೆ. ಬೀಗದ ಕೈಯನ್ನು ನನ್ನ ಅಂಗೈ ಮೇಲೆ ಇಟ್ಟರು.

ಜುಲೈ 14, ಸೋಮವಾರ

ಐದನೇ ದಿನ ದೀಪ ಹಚ್ಚಿ ಬಂದೆ. ಹತ್ತೊಂಬತ್ತು ಮೆಟ್ಟಿಲು. ಗೋಡೆ ಮುಟ್ಟದೆ ಹತ್ತುತ್ತೇನೆ. ಬಾಗಿಲು ತೆರೆದು, ಚಪ್ಪಲಿ ಬಿಟ್ಟು, ಅಡುಗೆಮನೆಯ ಗೂಡಿನ ಮುಂದೆ ಕೂತರೆ ಬೆಂಕಿಕಡ್ಡಿ ಕೈಯಲ್ಲಿ ನಿಲ್ಲುವುದಿಲ್ಲ. ಒಂದು ದಿನಕ್ಕೆ ನಾಲ್ಕೈದು ಕಡ್ಡಿ ಹಾಳು. ಕ್ಯಾಲೆಂಡರು, ಮಗುವಿಗೆಂದು ಮಸ್ತಾನ್ ಬೀ ಹೊಲಿದುಕೊಟ್ಟ ಅಂಗೈ ಅಗಲದ ಅಂಗಿ, ಎಲ್ಲ ಅಲ್ಲೇ ನೇತಾಡುತ್ತಿವೆ. ಅವರ ದೇವರು ಯಾವುದು, ಹೇಗೆ ಬೇಡಬೇಕು ಗೊತ್ತಿಲ್ಲ. ಇವತ್ತೊಂದು ದಿನ ನಿಲ್ಲಪ್ಪ ಎಂದು ಗೋಡೆಗೇ ಹೇಳಿ ಇಳಿಯುತ್ತೇನೆ.

ಇಳಿಯುವಾಗ ಎಣಿಸುವುದಿಲ್ಲ.

ತಾರಸಿಯ ಬೋರ್ಡು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಸದ್ದು ಕೇಳಿದರೆ ಎದೆ ಹಾರುತ್ತದೆ ಎಂದು ಕಿತ್ತು ತಂದೆ.

ಜುಲೈ 18, ಶುಕ್ರವಾರ

ಮಧ್ಯಾಹ್ನದಿಂದ ಮಳೆ. ಸಂಜೆ ಹೋದೆ. ಬೀಗ ತೆಗೆಯಿತು, ಬಾಗಿಲು ತೆಗೆಯಲಿಲ್ಲ.

ತಳ್ಳಿದೆ. ಮೇಲಿನ ಮೂಲೆ ಚೌಕಟ್ಟಿಗೆ ಕಚ್ಚಿಕೊಂಡಿದೆ. ನಿನ್ನೆ ಸಲೀಸಾಗಿತ್ತು. ಚೌಕಟ್ಟು ವಾರೆಯಾಗಿದೆ ಅಂದರೆ ಏನು ಅಂತ ಈಗ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಗಲು ಕೊಟ್ಟು ನೂಕಲು ಹೋದೆ. ಆಗ ಗೋಡೆಯ ಒಳಗಿಂದ ಒಂದು ಸದ್ದು. ಮೊರದಲ್ಲಿ ರಾಗಿ ಜಾರಿದ ಹಾಗೆ. ಒಳಗೆ ಮಣ್ಣು ಇಳಿಯುತ್ತಿತ್ತು.

ಓಡಬೇಕಾಗಿತ್ತು. ಹೊಸ್ತಿಲ ಮೇಲೇ, ಮನೆಯಿಂದ ತಂದಿದ್ದ ಎಣ್ಣೆ ಹಾಕಿ ಬತ್ತಿ ಇಟ್ಟೆ. ಮೊದಲ ಕಡ್ಡಿಗೇ ಹೊತ್ತಿಕೊಂಡಿತು. ಹೇಗೆ ಇಳಿದೆನೋ ನೆನಪಿಲ್ಲ, ಒಂದು ಚಪ್ಪಲಿ ಅಲ್ಲೇ ಉಳಿದಿದೆ.

ಮನೆಗೆ ಬಂದಾಗ ಕದರಮ್ಮ ಬಾಗಿಲಲ್ಲಿದ್ದರು. ಹಚ್ಚಿದ್ರಾ ಅಂದರು. ಹಚ್ಚಿದೆ ಅಂದೆ. ಅವರು ಒಳಗೆ ತಿರುಗಿದ ಮೇಲೆ ಹಿಂದೆಯೇ ಹೋಗಿ, ಒಳಗಲ್ಲ, ಹೊಸ್ತಿಲ ಮೇಲೆ, ಬಾಗಿಲು ಬರಲಿಲ್ಲ ಅಂತ ಹೇಳಿದೆ.

"ಸಾಕು ಬುಡಿ," ಅಂದರು. "ಇನ್ನು ಹೋಗಬೇಡಿ."

ಜುಲೈ 19, ಶನಿವಾರ

ಬೆಳಿಗ್ಗೆ ಐದಕ್ಕೆ ತನುಶ್ರೀಗೆ ನೋವು. ಆಟೋ ನಮ್ಮ ಮನೆಯ ಬಾಗಿಲಿಗೇ ಬಂತು. ಒಂದು ಮೆಟ್ಟಿಲೂ ಇಳಿಯಬೇಕಾಗಲಿಲ್ಲ.

ಹೆಣ್ಣುಮಗು. ಇಬ್ಬರೂ ಚೆನ್ನಾಗಿದ್ದಾರೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದೇನೆ. ಎದುರಿನ ಗೋಡೆಯಲ್ಲಿ ಒಂದು ಗೆರೆ ಕಾಣುತ್ತಿದೆ. ಎದ್ದು ಹೋಗಿ ಉಗುರಿನಲ್ಲಿ ನೋಡಿದೆ. ಬರೀ ಬಣ್ಣ.

ಜುಲೈ 22, ಮಂಗಳವಾರ

ಜಾಕಿ ಕೊಟ್ಟು, ಕಿಟಕಿಯಿಂದ ಸಾಮಾನೆಲ್ಲ ಇಳಿಸಿ, ಇವತ್ತು ಕೆಡವಿದರು. ಮೇಸ್ತ್ರಿ ತಿಮ್ಮರಾಜುವೇ ಬಂದಿದ್ದ. ಆಷಾಢದಲ್ಲಿ ಬರುತ್ತೀಯೋ ಇಲ್ಲವೋ ಅಂದುಕೊಂಡಿದ್ದೆ ಅಂದದ್ದಕ್ಕೆ, "ಕಟ್ಟಕ್ಕೆ ಆಷಾಢ ಆಗಲ್ಲ ಕಣಣ್ಣ, ಕೆಡವಕ್ಕೆ ಏನಂತೆ" ಅಂದ. ಡಿಸೆಂಬರಿನ ಮಾತು ಅವನು ಎತ್ತಲಿಲ್ಲ. ನಾನು ಎತ್ತಿದೆ. ಬುಡಣ್ಣ ಅಂದ.

ಮೆಟ್ಟಿಲ ಗೋಡೆಗೆ ಹಗ್ಗ ಕಟ್ಟಿ ನಾಲ್ಕು ಜನ ಎಳೆಯಲು ನಿಂತರು. ಎಳೆಯುವ ಮೊದಲೇ, ಹಗ್ಗ ಬಿಗಿಯಾದ ಹೊತ್ತಿಗೇ, ಗೋಡೆ ಕೂತುಬಿಟ್ಟಿತು. ಅದರ ಜೊತೆಗೇ ಹತ್ತೊಂಬತ್ತೂ ಮೆಟ್ಟಿಲು. ಧೂಳು ಇಳಿದ ಮೇಲೆ ಸೋಮಶೇಖರ್ ಗಡಿಯಾರ ನೋಡಿದ. ಹತ್ತು ಗಂಟೆ. ತನುಶ್ರೀ ಮೆಟ್ಟಿಲ ಮೇಲೆ ಕೂತು ತಲೆ ಆರಿಸಿಕೊಳ್ಳುತ್ತಿದ್ದ ಹೊತ್ತು.

ಆಗಸ್ಟ್ 6, ಬುಧವಾರ

ಮೆತ್ತಗೆ ಮಾತಾಡಬೇಕು ಅಂತ ಇಷ್ಟು ದಿನದಿಂದ ಅಭ್ಯಾಸವಾಗಿದೆ, ಹಿಂದಿನ ಕೋಣೆಯಲ್ಲಿ ಮಗು ಮಲಗಿರುತ್ತಿತ್ತಲ್ಲ. ಇವತ್ತು ಅಲ್ಲಿ ಯಾರೂ ಇಲ್ಲ.

ವರಮಹಾಲಕ್ಷ್ಮಿ ಹಬ್ಬಕ್ಕೆ ಮೊದಲು ಸ್ವಂತ ಒಲೆ ಹಚ್ಚಬೇಕೆಂದು ಕದರಮ್ಮ ಹೊರಟುಬಿಟ್ಟರು. ಮಗುವಿಗೆ ಮೂರು ತಿಂಗಳಾಗಲಿ ಅಂತ ಶಿಲ್ಪಾ ಎಷ್ಟು ಹೇಳಿದರೂ ಕೇಳಲಿಲ್ಲ. ಹೋದದ್ದು ಎರಡೇ ಬೀದಿ ಆಚೆ, ಅವತ್ತು ಅವರು ನೋಡಿದ್ದ ಅದೇ ನೆಲಮಟ್ಟದ ಮನೆಗೆ. ಆಷಾಢವಿಡೀ ಅದಕ್ಕೆ ಯಾರೂ ಬಂದಿರಲಿಲ್ಲ. ಇವರಿಗಾಗಿಯೇ ಕಾದುಕೊಂಡ ಹಾಗೆ ಇತ್ತು.

ಬೆಳಿಗ್ಗೆ ಹಾಲು ಉಕ್ಕಿಸುವುದಕ್ಕೆ ನನ್ನನ್ನೂ ಬರಲು ಹೇಳಿದ್ದರು. ನನಗೆ ಆಶ್ಚರ್ಯ. ಈ ನಾಲ್ಕು ವಾರದಲ್ಲಿ ಅವರು ನನ್ನ ಜೊತೆ ನಕ್ಕು ಮಾತಾಡಿದ್ದು ಇಲ್ಲ. ಇನ್ನು ಮೇಲೆ ಮಾತಾಡುತ್ತಾರೆಂದೂ ಅಲ್ಲ. ಕುಣಿಗಲ್‌ನಿಂದ ಮಸ್ತಾನ್ ಬೀ ಬಂದಿದ್ದರು. ಮೊಹರಂ ತಿಂಗಳು ಕಳೆದ ಮಾರನೇ ದಿನವೇ ನನ್ನ ಖಾಲಿ ಮನೆಗೆ ಮೆಷಿನ್ ತರಿಸಿಕೊಂಡಿದ್ದಾರೆ. ದಾರದ ರೀಲು ಬಿಟ್ಟು ನೋಡಿಯೇ ಒಪ್ಪಿದ್ದಂತೆ.

ಒಲೆಯ ಮೇಲೆ ಹಾಲಿಟ್ಟಿತ್ತು. ಹೂ ಏರಿಸಿತ್ತು. ಆದರೆ ಒಲೆ ಹಚ್ಚಿರಲಿಲ್ಲ. ತನುಶ್ರೀ ಮಗುವನ್ನು ಎದೆಗವಚಿಕೊಂಡು ಹೊರಗೆ ಆಟೋದಲ್ಲೇ ಕೂತಿದ್ದಳು. ಯಾರಿಗೆ ಕಾಯುತ್ತಿದ್ದಾರೆ ಅಂತ ನಾನು ಹಿಂದೆ ಮುಂದೆ ನೋಡಿದೆ.

ಕದರಮ್ಮ ಬೆಂಕಿಪೊಟ್ಟಣ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಗೋಡೆ ನೋಡಿ ಸ್ವಾಮಿ," ಅಂದರು. "ಸರಿಯಾಗಿ ನೋಡಿ ಹೇಳಿ. ಆಮೇಲೆ ಹಚ್ತೀನಿ."

ನೋಡಿದೆ. ಒಂದೊಂದೇ ಕೋಣೆ. ಮೂಲೆಗಳು, ಕಿಟಕಿಯ ತಲೆ, ಬಾಗಿಲ ಚೌಕಟ್ಟು. ಹಿತ್ತಲಿಗೆ ಹೋಗಿ ಸಂಪಿನ ಅಂಚು, ಗೋಡೆಯ ಬುಡ. ಮಣ್ಣು ಹಿಸುಕಿದೆ. ಅಂಗೈ ಇಟ್ಟು ನಡೆದೆ, ಉಗುರು ಹಾಕಿದೆ, ಕಿವಿ ಇಟ್ಟೆ. ಮಸ್ತಾನ್ ಬೀ ಹತ್ತಿರ ರೀಲು ಕೇಳಿ ಪಡೆದು ಎಲ್ಲ ಕಡೆ ಬಿಟ್ಟೆ. ಬಿಟ್ಟ ಕಡೆಯೇ ನಿಂತಿತು. ಮನೆಯ ಓನರು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದ. ಎಷ್ಟು ಹೊತ್ತಾಯಿತೋ, ಹೊರಗೆ ಮಗು ಅಳಲು ಶುರುಮಾಡಿತು. ಆಟೋದವನು ಎರಡು ಸಲ ಹಾರ್ನ್ ಹೊಡೆದ. ಯಾರೂ ನನ್ನನ್ನು ಅವಸರ ಮಾಡಲಿಲ್ಲ.

ಎಲ್ಲ ಸರಿಯಾಗಿತ್ತು. ಸರಿಯಾಗಿದೆ ಅನ್ನುವ ಮಾತು ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ. ಅಷ್ಟು ಭಯ ಆ ಬೀಳುವ ಗೋಡೆಯ ಕೆಳಗೆ ಕೂತಾಗಲೂ ಆಗಿರಲಿಲ್ಲ. ಇನ್ನೊಂದು ಸುತ್ತು ಹಾಕಿ ಬಂದು, ಅಡುಗೆಮನೆಯ ಗೋಡೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ.

"ಹಚ್ಚಿ ಕದರಮ್ಮ."

ಅವರು ಕಡ್ಡಿ ಗೀರಿದರು.